ದಿನವಹಿ ದರ ಮತ್ತು ಅಂತ್ಯಕಾಲದ ಆರೈಕೆ: ಅಮೆರಿಕದ ಹಾಸ್ಪಿಸ್ ವ್ಯವಸ್ಥೆಯ ವಿವೇಚನೆ

ರೋಗವು ಗುಣವಾಗುವ ಹಂತವನ್ನು ಮೀರಿದಾಗ ರೋಗಿಯ ನೋವನ್ನು ಶಮನಗೊಳಿಸಿ, ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಲು ನೆರವಾಗುವ ಆರೈಕೆಗೆ ಹಾಸ್ಪಿಸ್ ಎಂದು ಹೆಸರು. 1967ರಲ್ಲಿ ಸಿಸಿಲಿ ಸಾಂಡರ್ಸ್ ಅವರು ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯು ಈ ಆಧುನಿಕ ಚಳವಳಿಗೆ ನಾಂದಿಯಾಯಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ದೊರೆಯುತ್ತಿರುವುದೂ ಇದೇ ಬಗೆಯ ಆರೈಕೆ. ಬಹುಮಟ್ಟಿಗೆ ದಾನವನ್ನೇ ಆಧರಿಸಿದ್ದ ಇಂತಹ ಸೇವೆಗೆ ಸರ್ಕಾರಿ ವಿಮೆಯಿಂದಲೇ ಹಣ ಸಲ್ಲಿಸುವ ವ್ಯವಸ್ಥೆಯನ್ನು ಅಮೆರಿಕ ರೂಪಿಸಿತು. ಹಣ ಸಲ್ಲಿಸುವ ವಿಧಾನವು ಆರೈಕೆಯ ಗುಣಮಟ್ಟದ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದನ್ನು ಆ ದೇಶದ ಅನುಭವದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದಲ್ಲಿ ಮುಖ್ಯವಾಗಿ ವೃದ್ಧರಿಗಾಗಿ ಇರುವ ಆರೋಗ್ಯ ವಿಮೆ ಮೆಡಿಕೇರ್. ಅದು 1983ರಿಂದ ಹಾಸ್ಪಿಸ್ ಆರೈಕೆಯ ವೆಚ್ಚವನ್ನು ಭರಿಸುತ್ತಿದೆ. ರೋಗವು ಸಹಜ ಗತಿಯಲ್ಲಿ ಸಾಗಿದರೆ ರೋಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಬದುಕಲಾರನೆಂದು ಇಬ್ಬರು ವೈದ್ಯರು ದೃಢೀಕರಿಸಬೇಕು. ಆ ರೋಗವನ್ನು ಗುಣಪಡಿಸುವ ಚಿಕಿತ್ಸೆಯನ್ನು ರೋಗಿ ತ್ಯಜಿಸಬೇಕು. ಸಂಸ್ಥೆಗೆ ಹಣ ಸಲ್ಲುವುದು ಭೇಟಿಯ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ಮನೆಯಲ್ಲಿ ನೀಡುವ ಸಾಮಾನ್ಯ ಆರೈಕೆಯಲ್ಲಿ ದಾದಿ ಬಂದ ದಿನಕ್ಕೂ ಬಾರದ ದಿನಕ್ಕೂ ದರ ಸಂದಾಯವಾಗುತ್ತದೆ. ಅನಗತ್ಯ ಸೇವೆಗಳಿಗೆ ಕಡಿವಾಣ ಹಾಕುವುದು ಮತ್ತು ರೋಗಿಗೆ ತಕ್ಕಂತೆ ಆರೈಕೆ ನೀಡುವ ಸ್ವಾತಂತ್ರ್ಯವನ್ನು ಸಂಸ್ಥೆಗೆ ಒದಗಿಸುವುದು ಈ ಪದ್ಧತಿಯ ಅನುಕೂಲಗಳು.

ಆದರೆ ಆರೈಕೆಯ ವೆಚ್ಚವು ಎಲ್ಲ ದಿನಗಳಲ್ಲಿಯೂ ಸಮನಾಗಿರುವುದಿಲ್ಲ. ದಾಖಲಾದ ಆರಂಭದಲ್ಲಿ ರೋಗಿಯ ಸ್ಥಿತಿಯನ್ನು ಅರಿತು ಔಷಧೋಪಚಾರ ಹೊಂದಿಸಬೇಕಾಗುತ್ತದೆ. ಮರಣ ಸಮೀಪಿಸಿದಾಗ ನೋವು, ಉಸಿರಾಟದ ತೊಂದರೆ, ಕುಟುಂಬದ ಆತಂಕ ಎಲ್ಲವೂ ಒಮ್ಮೆಗೇ ಏರುತ್ತವೆ. ನಡುವಿನ ದಿನಗಳು ತುಲನಾತ್ಮಕವಾಗಿ ಶಾಂತವಾದವು. ಎಲ್ಲ ದಿನಗಳಿಗೂ ಒಂದೇ ದರವಿದ್ದಾಗ ಲಾಭವು ಈ ನಡುವಿನ ದಿನಗಳಲ್ಲಿರುತ್ತದೆ. ಆದುದರಿಂದ ದೀರ್ಘಕಾಲ ಉಳಿಯುವ, ಕಡಿಮೆ ಶುಶ್ರೂಷೆ ಬೇಡುವ ರೋಗಿಯೇ ಸಂಸ್ಥೆಗೆ ಲಾಭದಾಯಕ.

ಈ ತರ್ಕವು ಕೇವಲ ಊಹೆಯಲ್ಲ. 2007ರ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಲಾಭರಹಿತ ಸಂಸ್ಥೆಗಳ ರೋಗಿಗಳಲ್ಲಿ ಶೇ. 48ರಷ್ಟು ಮಂದಿ ಕ್ಯಾನ್ಸರ್ ಪೀಡಿತರಾಗಿದ್ದರೆ, ಲಾಭೋದ್ದೇಶದ ಸಂಸ್ಥೆಗಳಲ್ಲಿ ಅವರು ಶೇ. 34 ಮಾತ್ರ. ನಿಧಾನಗತಿಯ ಡಿಮೆನ್ಷಿಯಾ ರೋಗಿಗಳ ಪ್ರಮಾಣವು ಕ್ರಮವಾಗಿ ಶೇ. 8 ಮತ್ತು ಶೇ. 17. ಇದರ ನಡುವೆ ಈ ಕ್ಷೇತ್ರದ ಸ್ವರೂಪವೂ ಬದಲಾಯಿತು. ದಾನಧರ್ಮದ ನೆಲೆಯಲ್ಲಿ ಮೊದಲಾದ ಈ ಸೇವೆಯಲ್ಲಿ ಇಂದು ನಾಲ್ಕರಲ್ಲಿ ಮೂರು ಸಂಸ್ಥೆಗಳು ಲಾಭೋದ್ದೇಶದವು.

ಹೆಚ್ಚು ಕಳವಳಕಾರಿಯಾದುದು ಅಂತಿಮ ಗಳಿಗೆಯ ಶೂನ್ಯತೆ. 2014ರ ಆರ್ಥಿಕ ವರ್ಷದಲ್ಲಿ ಹಾಸ್ಪಿಸ್ ಆರೈಕೆಯಲ್ಲಿದ್ದು ಮೃತರಾದ ಮೆಡಿಕೇರ್ ರೋಗಿಗಳ ಅಧ್ಯಯನದಲ್ಲಿ, ಶೇ. 12ರಷ್ಟು ಮಂದಿಗೆ ಬದುಕಿನ ಕೊನೆಯ ಎರಡು ದಿನಗಳಲ್ಲಿ ವೃತ್ತಿಪರ ಸಿಬ್ಬಂದಿಯ ಒಂದು ಭೇಟಿಯೂ ದೊರೆತಿರಲಿಲ್ಲ. ಭಾನುವಾರ ಮೃತರಾದವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಮರಣಕ್ಕೆ ರಜಾದಿನವಿಲ್ಲ, ಸಿಬ್ಬಂದಿಯ ವೇಳಾಪಟ್ಟಿಗೆ ಇದೆ.

ಸರ್ಕಾರವು ಈ ದೋಷವನ್ನು ತಿದ್ದಲು ಯತ್ನಿಸದೆ ಇರಲಿಲ್ಲ. 2016ರ ಜನವರಿಯಿಂದ ಮನೆಯಲ್ಲಿನ ಸಾಮಾನ್ಯ ಆರೈಕೆಗೆ ಮೊದಲ 60 ದಿನ ಹೆಚ್ಚಿನ ದರವನ್ನೂ ಅನಂತರ ಕಡಿಮೆ ದರವನ್ನೂ ನಿಗದಿಪಡಿಸಲಾಯಿತು. ಬದುಕಿನ ಕೊನೆಯ ಏಳು ದಿನಗಳಲ್ಲಿ ದಾದಿ ಹಾಗೂ ಸಮಾಜ ಕಾರ್ಯಕರ್ತರು ನೀಡುವ ಭೇಟಿಗಳಿಗೆ ಹೆಚ್ಚುವರಿ ಹಣ ಸೇರಿಸಲಾಯಿತು. ಸಂಸ್ಥೆಯೊಂದು ಪಡೆಯಬಹುದಾದ ಒಟ್ಟು ಹಣಕ್ಕೆ ವಾರ್ಷಿಕ ಮಿತಿಯೂ ಮೊದಲಿನಿಂದ ಇದೆ. ಆದರೆ ಮಿತಿಯೂ ಒಂದು ಪ್ರೇರಣೆಯೇ. ಆ ಮಿತಿಯನ್ನು ಮೀರಿದ ಸಂಸ್ಥೆಗಳಲ್ಲಿ ರೋಗಿಗಳನ್ನು ಜೀವಂತವಾಗಿಯೇ ಆರೈಕೆಯಿಂದ ಬಿಡುಗಡೆ ಮಾಡುವ ಪ್ರಮಾಣ ಅಧಿಕವಾಗಿರುವುದು ಕಂಡುಬಂದಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೀರ್ಘಕಾಲದ ಆರೈಕೆಯೇ ದೋಷವೆಂದಾಗಲಿ, ಲಾಭೋದ್ದೇಶದ ಸಂಸ್ಥೆಗಳೆಲ್ಲ ನಿರ್ದಯವೆಂದಾಗಲಿ ತೀರ್ಮಾನಿಸಲಾಗದು. ಡಿಮೆನ್ಷಿಯಾ ರೋಗಿಗೂ ಅವನ ಮನೆಯವರಿಗೂ ಈ ನೆರವು ನಿಜವಾಗಿಯೂ ಬೇಕು. ಮೇಲಾಗಿ, ಆರೈಕೆ ಪಡೆದ ಅವಧಿಯ ಮಧ್ಯಾಂಕವು ಸುಮಾರು 18 ದಿನಗಳಷ್ಟೇ ಇದ್ದು, ಅನೇಕರು ತೀರ ತಡವಾಗಿ ದಾಖಲಾಗುತ್ತಾರೆ. ಭೇಟಿಗೊಂದರಂತೆ ಹಣ ಕೊಟ್ಟರೆ ಬೇಡದ ಭೇಟಿಗಳು ಹೆಚ್ಚಬಹುದು. ಪ್ರೇರಣೆಯಿಲ್ಲದ ಪಾವತಿ ವಿಧಾನವೆಂಬುದೇ ಇಲ್ಲ.

ಇತರ ಚಿಕಿತ್ಸೆಗಳಲ್ಲಿ ಅತೃಪ್ತನಾದ ರೋಗಿ ಬೇರೆ ವೈದ್ಯರ ಬಳಿಗೆ ಹೋಗಬಹುದು, ದೂರು ಸಲ್ಲಿಸಬಹುದು. ಕೊನೆಯ ದಿನಗಳಲ್ಲಿರುವ ರೋಗಿಗೆ ಆ ಅವಕಾಶವಿಲ್ಲ. ದುಃಖದಲ್ಲಿರುವ ಕುಟುಂಬಕ್ಕೆ ಎರಡನೆಯ ಸರದಿಯೂ ಇಲ್ಲ. ಮಾರುಕಟ್ಟೆಯ ಪೈಪೋಟಿಯು ಗುಣಮಟ್ಟವನ್ನು ತಾನಾಗಿ ಕಾಯುತ್ತದೆಂಬ ನಂಬಿಕೆ ಇಲ್ಲಿ ದುರ್ಬಲವಾಗುವುದು ಈ ಕಾರಣದಿಂದಲೇ. ಆದ್ದರಿಂದ ದರದ ಸುಧಾರಣೆಯೊಡನೆ ಮೃತರ ಕುಟುಂಬಗಳ ಅಭಿಪ್ರಾಯ ಸಂಗ್ರಹ, ನಿಯತಕಾಲಿಕ ತಪಾಸಣೆ ಮತ್ತು ಅದರ ಫಲಿತಾಂಶದ ಬಹಿರಂಗ ಪ್ರಕಟಣೆ ಅನಿವಾರ್ಯ. ಅಮೆರಿಕವು 2021ರ ಕಾನೂನಿನಡಿ ಮೂರು ವರ್ಷಕ್ಕೊಮ್ಮೆಯಾದರೂ ತಪಾಸಣೆಯನ್ನು ಕಡ್ಡಾಯವಾಗಿ ಮುಂದುವರಿಸಿ, ದಂಡ ವಿಧಿಸುವ ಅಧಿಕಾರವನ್ನೂ ನೀಡಿದೆ. ಅಂತ್ಯಕಾಲದ ಆರೈಕೆಗೆ ಸಾರ್ವಜನಿಕ ಹಣವನ್ನು ವಿನಿಯೋಗಿಸುವ ಯಾವ ಸಮಾಜವೂ, ರೋಗಿಗೆ ಅತ್ಯಂತ ಕಠಿಣವಾದ ದಿನದಂದು ಆತನ ಹಾಸಿಗೆಯ ಬಳಿ ಯಾರಾದರೂ ಇರುವಂತೆ ತನ್ನ ಪಾವತಿಯನ್ನು ರೂಪಿಸಿದೆಯೇ ಎಂದು ಮೊದಲು ಪರಿಶೀಲಿಸಿಕೊಳ್ಳಬೇಕು.