ಹಿಮದ ಊರಿಗೆ ಮಡಚುವ ಸೈಕಲ್: ನಂಬಿಕೆ ಎಷ್ಟು, ನಿಜ ಎಷ್ಟು?

ಬೆಂಗಳೂರಿನಲ್ಲಿ ಚಳಿ 14 ಡಿಗ್ರಿಗೆ ಇಳಿದರೆ ಬೀರುವಿನಿಂದ ಮಂಕಿ ಕ್ಯಾಪ್ ಹೊರಗೆ ಬರುತ್ತದೆ. ಅಲ್ಲಿಂದ ಕೆಲಸಕ್ಕೆಂದು ಮ್ಯೂನಿಕ್‌ಗೋ ಹೆಲ್ಸಿಂಕಿಗೋ ಹೋದವರು ಮೊದಲ ಹಿಮ ಬಿದ್ದ ದಿನವೇ ಸೈಕಲ್ಲನ್ನು ಮೂಲೆಗೆ ಒರಗಿಸಿದರೆ ಅಚ್ಚರಿಯಿಲ್ಲ. ಆದರೆ ಫಿನ್‌ಲೆಂಡಿನ ಔಲು ನಗರದಲ್ಲಿ ಮಕ್ಕಳು ಜನವರಿಯಲ್ಲೂ ಸೈಕಲ್ ತುಳಿದೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ ಮೊದಲ ಸಲ ಸೇರಿದ್ದೂ ಅಲ್ಲಿಯೇ, 2013ರಲ್ಲಿ.

ಮನೆಯಿಂದ ನಿಲ್ದಾಣಕ್ಕೆ, ಅಲ್ಲಿಂದ ಆಫೀಸಿಗೆ ಓಡಾಡುವವರಿಗೆ ಮಡಚುವ ಸೈಕಲ್ ಅನುಕೂಲ. ಜರ್ಮನಿಯ ರೈಲುಗಳಲ್ಲಿ ಮಡಚಿದ ಸೈಕಲ್ಲಿಗೆ ಬೇರೆ ಟಿಕೆಟ್ ಬೇಡ, ಅದೂ ಒಂದು ಲಗೇಜು. ಹಿಮಗಾಲಕ್ಕೆ ಇಂಥದೊಂದನ್ನು ಕೊಳ್ಳುವ ಮುಂಚೆ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ 1: ಚಕ್ರ ಚಿಕ್ಕದಾದಷ್ಟೂ ಜಾರುವುದು ಹೆಚ್ಚು.

ಸತ್ಯ: ಜಾರುವುದು, ಹಿಡಿಯುವುದು ಟೈರಿಗೆ ಬಿಟ್ಟದ್ದು. ಬೇಸಿಗೆಯ ಟೈರಿನ ರಬ್ಬರು ಸೊನ್ನೆ ಡಿಗ್ರಿಯ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತದೆ. ಚಿಕ್ಕ ಚಕ್ರದ ನಿಜವಾದ ಕಷ್ಟ ಬೇರೆ. ಕಾರುಗಳು ತುಳಿದ ಹಿಮ ರಾತ್ರಿ ಹೆಪ್ಪುಗಟ್ಟಿ ಜಾಡುಗಳಾಗುತ್ತದೆ. ದೊಡ್ಡ ಚಕ್ರ ಅವನ್ನು ದಾಟಿ ಹೋಗುವ ಕಡೆ ಚಿಕ್ಕದು ಒಳಗಿಳಿದು ಸಿಕ್ಕಿಕೊಳ್ಳುತ್ತದೆ, ಮೆದು ಹಿಮದಲ್ಲಿ ಹೂತೂ ಹೋಗುತ್ತದೆ. ಕೋಪನ್‌ಹೇಗನ್‌ನಂತೆ ಸೈಕಲ್ ದಾರಿಯ ಹಿಮವನ್ನು ಬೆಳಗಾಗುವಷ್ಟರಲ್ಲಿ ತೆಗೆಸುವ ಊರಾದರೆ ಈ ಕಷ್ಟ ಕಡಿಮೆ. ಹಾಗಾಗಿ ಮೊದಲು ನೀವು ಓಡಾಡುವ ದಾರಿ ನೋಡಿ, ಆಮೇಲೆ ಸೈಕಲ್ ನೋಡಿ.

ತಪ್ಪು ಕಲ್ಪನೆ 2: ಎಷ್ಟು ಪುಟ್ಟದಾಗಿ ಮಡಚಿಕೊಂಡರೆ ಅಷ್ಟು ಒಳ್ಳೆಯದು.

ಸತ್ಯ: ರೈಲಿನೊಳಗೆ ಹೌದು, ಹಿಮದ ಮೇಲೆ ಹಾಗೆನ್ನಲಾಗದು. ಲಂಡನ್ನಿನ ಆಂಡ್ರೂ ರಿಚಿ 1970ರ ದಶಕದಲ್ಲಿ ತಮ್ಮ ಫ್ಲ್ಯಾಟಿನಲ್ಲೇ ರೂಪಿಸಿದ ಬ್ರಾಂಪ್ಟನ್ ಸೈಕಲ್ಲು ರೈಲಿನ ಸೀಟಿನ ಕೆಳಗೆ ನುಸುಳುವಷ್ಟು ಪುಟ್ಟದಾಗುತ್ತದೆ. ಅದರ ಮಾಮೂಲಿ ಮಾದರಿಗಳ ಚಕ್ರ 16 ಇಂಚಿನದು. ಆ ಅಳತೆಗೆ ಚಳಿಗಾಲದ ಟೈರುಗಳ ಆಯ್ಕೆ ತೀರಾ ಕಡಿಮೆ. 20 ಇಂಚಿನ ಚಕ್ರದ ಸೈಕಲ್ ಮಡಚಿದಾಗ ತುಸು ದೊಡ್ಡದಾದರೂ ಟೈರು ಸುಲಭವಾಗಿ ಸಿಗುತ್ತದೆ.

ಇಲ್ಲೊಂದು ಬಲೆಯಿದೆ. ‘20 ಇಂಚು’ ಎಂಬ ಒಂದೇ ಹೆಸರಿನಲ್ಲಿ 406 ಮತ್ತು 451 ಮಿಲಿಮೀಟರಿನ ಎರಡು ಬೇರೆ ರಿಮ್‌ಗಳಿವೆ. ‘16 ಇಂಚು’ ಎಂಬುದರಲ್ಲೂ 305, 349 ಎಂದು ಎರಡು. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕೆಯಲ್ಲಿ 42-406 ಎಂಬಂಥ ಅಂಕಿ ಇರುತ್ತದೆ: ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್‌ನ ವ್ಯಾಸ. ಚಳಿಗಾಲಕ್ಕೆ ಕೊಳ್ಳುವುದಾದರೆ 406 ಹುಡುಕಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟಾದರೂ ಜಾಗ ಇರಲಿ. ಇಲ್ಲದಿದ್ದರೆ ಹಿಮ ಅಲ್ಲಿ ಮೆತ್ತಿಕೊಂಡು ಚಕ್ರವನ್ನೇ ತಡೆಯುತ್ತದೆ. ಹೊಸ ಟೈರು ಹಾಕಿಸಿದ ಮೇಲೆ ಅಂಗಡಿಯಲ್ಲೇ ಒಮ್ಮೆ ಮಡಚಿ ನೋಡಿ. ಕೈಗವಸು ತೊಟ್ಟೇ ಮಡಚಿ, ಏಕೆಂದರೆ ನಿಲ್ದಾಣದಲ್ಲಿ ಬರಿಗೈಯಲ್ಲಿ ತಣ್ಣನೆಯ ಕಬ್ಬಿಣ ಮುಟ್ಟುವ ಮನಸ್ಸು ಬರುವುದಿಲ್ಲ.

ತಪ್ಪು ಕಲ್ಪನೆ 3: ಮೊಳೆ ಟೈರ್ ಹಾಕಿಸಿದರೆ ಎಲ್ಲ ಕಡೆಯೂ ಭದ್ರ.

ಸತ್ಯ: ಇಂಥ ಟೈರಿನ ಮೈಯಲ್ಲಿ ಕೂರಿಸಿದ ಪುಟ್ಟ ಲೋಹದ ಮೊಳೆ ಕಚ್ಚುವುದು ಮಂಜುಗಡ್ಡೆಯನ್ನು. ಮೆದು ಹಿಮದಲ್ಲಿ ಕೆಲಸ ಮಾಡುವುದು ಟೈರಿನ ಆಳವಾದ ಅಚ್ಚು. ಒಣ ಡಾಂಬರಿನ ಮೇಲೆ ಮೊಳೆ ಸದ್ದು ಮಾಡುತ್ತದೆ, ತುಳಿಯಲು ಭಾರವಾಗುತ್ತದೆ. ಕೊಳ್ಳುವಾಗ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಯದೇ ಆಗಲಿ, ಬರಿಯ ಉಕ್ಕಿನದು ಡಾಂಬರಿಗೆ ಬೇಗ ಸವೆಯುತ್ತದೆ. ಹೊಸ ಟೈರಿನಲ್ಲಿ ಮೊದಲ 40 ಕಿಲೋಮೀಟರ್ ಡಾಂಬರಿನ ಮೇಲೆ ನಿಧಾನವಾಗಿ ತುಳಿದರೆ ಮೊಳೆಗಳು ತಮ್ಮ ಗೂಡಿನಲ್ಲಿ ಭದ್ರವಾಗಿ ಕೂರುತ್ತವೆ. ಒಂದೇ ಟೈರಿಗೆ ದುಡ್ಡಿದ್ದರೆ ಮುಂದಿನ ಚಕ್ರಕ್ಕೆ ಹಾಕಿಸಿ: ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ. ಜರ್ಮನಿಯಲ್ಲಿ ಕಾರಿಗೆ ಸಾಮಾನ್ಯವಾಗಿ ಇರುವ ಮೊಳೆ ಟೈರಿನ ನಿಷೇಧ ಸೈಕಲ್ಲಿಗೆ ಇಲ್ಲ.

ತಪ್ಪು ಕಲ್ಪನೆ 4: ಸೈಕಲ್ಲಿಗೆ ಹಿಮವೇ ಶತ್ರು, ಬೆಚ್ಚಗೆ ಒಳಗಿಟ್ಟರೆ ಸಾಕು.

ಸತ್ಯ: ಕೊರೆಯುವ ಒಣ ಚಳಿಯಲ್ಲಿ ಹೊರಗೇ ನಿಂತ ಸೈಕಲ್ಲಿಗೆ ತುಕ್ಕು ನಿಧಾನವಾಗಿ ಹಿಡಿಯುತ್ತದೆ. ಅದನ್ನು ತಿನ್ನುವುದು ಮಂಜು ಕರಗಲೆಂದು ರಸ್ತೆಗೆ ಎರಚುವ ಉಪ್ಪು. ಬೆಚ್ಚನೆಯ ಕೋಣೆಯಲ್ಲಿ ಉಪ್ಪುನೀರಿನ ಕೆಲಸ ಇನ್ನೂ ಚುರುಕು.

ಮಡಚುವ ಸೈಕಲ್ ದಿನಕ್ಕೆ ನಾಲ್ಕಾರು ಸಲ ಒಳಗೂ ಹೊರಗೂ ಆಗುತ್ತದೆ. ಬಿಸಿ ಬೋಗಿಯೊಳಗೆ ಬಂದ ತಣ್ಣನೆಯ ಲೋಹ ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಬೆವರುತ್ತದೆ. ಅಂಟಿದ್ದ ಹಿಮ ಕರಗಿ ಬ್ರೇಕ್ ಕೇಬಲ್ಲಿನ ಕೊಳವೆಗೆ, ಫ್ರೀವೀಲಿನ ಒಳಗೆ ಇಳಿಯುತ್ತದೆ. ನೀವು ಇಳಿದು ಹೊರಬಂದ ಸ್ವಲ್ಪ ಹೊತ್ತಿಗೆ ಅದೇ ನೀರು ಹೆಪ್ಪುಗಟ್ಟುತ್ತದೆ. ಆಗ ಬ್ರೇಕ್ ಹಿಡಿದರೆ ಎಳೆಯುವುದಿಲ್ಲ, ಇಲ್ಲವೇ ಪೆಡಲು ತುಳಿದರೂ ಚಕ್ರ ತಿರುಗುವುದಿಲ್ಲ. ಮಡಚುವ ಕೀಲಿನ ಸಂದಿಯಲ್ಲಿ ಒಂದು ಚೂರು ಮಂಜುಗಡ್ಡೆ ಕೂತರಂತೂ ಲಿವರು ಪೂರ್ತಿ ಬಿಗಿಯುವುದಿಲ್ಲ. ಕೀಲು ಸರಿಯಾಗಿ ಕೂತಿದೆಯೇ ಎಂದು ಹತ್ತುವ ಮುಂಚೆ ಕಣ್ಣಾರೆ ನೋಡಿಕೊಳ್ಳಿ.

ಇದಕ್ಕೆ ದುಬಾರಿ ಉಪಾಯವೇನೂ ಬೇಕಿಲ್ಲ. ರೈಲು ಹತ್ತುವ ಮುಂಚೆ ಗಟ್ಟಿ ಬ್ರಷ್ಷಿನಿಂದ ಹಿಮ ಒದರಿ. ಮನೆಯಲ್ಲಿ ಉಗುರುಬೆಚ್ಚನೆಯ ನೀರಿನ ಬಟ್ಟೆಯಿಂದ ಕೀಲು, ಚೈನು, ರಿಮ್ ಒರೆಸಿ ಪೂರ್ತಿ ಒಣಗಲು ಬಿಡಿ, ಆಮೇಲೆ ಚೈನಿಗೆ ಎಣ್ಣೆ, ಕೀಲಿಗೆ ತೆಳುವಾಗಿ ಗ್ರೀಸು. ರಭಸದ ನೀರಿನ ಪಂಪ್ ಹಿಡಿಯಬೇಡಿ, ಉಪ್ಪು ಬೇರಿಂಗಿನೊಳಕ್ಕೇ ನುಗ್ಗುತ್ತದೆ.

ತಪ್ಪು ಕಲ್ಪನೆ 5: ದೊಡ್ಡ ಬ್ಯಾಟರಿ ಇದ್ದರೆ ದೀಪದ ಚಿಂತೆಯಿಲ್ಲ.

ಸತ್ಯ: ಡಿಸೆಂಬರ್ ಕೊನೆಗೆ ಔಲುವಿನಲ್ಲಿ ಹಗಲು ಮೂರೂವರೆ ಗಂಟೆಯ ಆಸುಪಾಸು, ಹೋಗುವಾಗಲೂ ಬರುವಾಗಲೂ ಕತ್ತಲೆ. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ, ಸೊನ್ನೆಯ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಕೆಡುತ್ತದೆ. ಬಿಚ್ಚಿ ಒಳಗೆ ತಂದು, ಕೋಣೆಯ ಬಿಸಿಗೆ ಬಂದ ಮೇಲೆ ಚಾರ್ಜಿಗೆ ಹಾಕಿ. ಚಕ್ರದ ಹಬ್ಬಿನೊಳಗೇ ಕೂರುವ ಡೈನಮೊಗೆ ಈ ಗೋಜಿಲ್ಲ.

ತಪ್ಪು ಕಲ್ಪನೆ 6: ಇದ್ದುದರಲ್ಲಿ ದಪ್ಪ ಜಾಕೆಟ್ಟೇ ಮದ್ದು.

ಸತ್ಯ: ಮೈನಸ್ 10ರಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಮೈಗೆ ತಟ್ಟುವುದು ಮೈನಸ್ 18ರಷ್ಟು ಚಳಿ. ಹಾಗೆಂದು ದಪ್ಪಗೆ ಸುತ್ತಿಕೊಂಡರೆ ಹತ್ತು ನಿಮಿಷಕ್ಕೆ ಬೆವರು, ಆ ಬೆವರೇ ಮುಂದಿನ ಚಳಿ. ಹತ್ತಿ ಬನಿಯನ್ ಬದಲು ತೆಳು ಉಣ್ಣೆ, ಮೇಲೆ ಗಾಳಿ ತಡೆಯುವ ಒಂದು ಪದರ ಸಾಕು. ಹೊರಡುವಾಗ ತುಸು ನಡುಗಿದರೆ ಬಟ್ಟೆಯ ಲೆಕ್ಕ ಸರಿಯಾಗಿದೆ ಎಂದರ್ಥ. ಉಳಿದ ದುಡ್ಡು ಕೈಗವಸಿಗೆ, ಬೂಟಿಗೆ ಹೋಗಲಿ.

ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರುವ ಅಭ್ಯಾಸ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಹಿಮದ ಊರಿನಲ್ಲಿ ನಮ್ಮ ಜೊತೆ ಹೊಸ್ತಿಲು ದಾಟಿ ಬರುವ ಸೈಕಲ್ಲಿಗೂ ಅದೇ ಉಪಚಾರ ಸಲ್ಲಲಿ.