ತಲಾಂತು: ತಕ್ಕಡಿಯಿಂದ ಪ್ರತಿಭೆಗೆ

ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿರುವ ತಲಾಂತುಗಳ ಸಾಮತಿಯನ್ನು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೋಧಿಸುವವರು ಒಂದು ಪದದ ವಿಷಯದಲ್ಲಿ ಎಚ್ಚರ ವಹಿಸಬೇಕು. ‘ಟ್ಯಾಲೆಂಟ್’ ಎಂದೊಡನೆ ಇಂದಿನ ಕೇಳುಗರ ಮನಸ್ಸಿಗೆ ಬರುವುದು ಹಾಡುವ, ಆಡುವ, ಓದುವ ಜಾಣ್ಮೆ. ಸಾಮತಿಯನ್ನು ಮೊದಲು ಕೇಳಿದವರಿಗೆ ಆ ಅರ್ಥವೇ ಇರಲಿಲ್ಲ.

ಗ್ರೀಕ್ ಭಾಷೆಯ ‘ತಾಲಾಂತೋನ್’ ಎಂದರೆ ಮೂಲತಃ ತಕ್ಕಡಿ. ಮುಂದೆ ಒಂದು ನಿರ್ದಿಷ್ಟ ತೂಕಕ್ಕೂ, ಅಷ್ಟು ತೂಕದ ಬೆಳ್ಳಿಬಂಗಾರದ ಬೆಲೆಗೂ ಅದೇ ಹೆಸರಾಯಿತು. ಒಂದು ತಲಾಂತು ಸುಮಾರು 6000 ದಿನಾರಿ. ಮತ್ತಾಯ 20ರ ದ್ರಾಕ್ಷಿತೋಟದ ಆಳಿಗೆ ದಿನಕ್ಕೆ ಒಂದು ದಿನಾರಿ ಕೂಲಿ. ಆ ಲೆಕ್ಕದಲ್ಲಿ ಇದು ಸುಮಾರು 20 ವರ್ಷಗಳ ದುಡಿಮೆ. ಪದವು ಲತೀನಿನ ಮೂಲಕ ಯೂರೋಪಿನ ಭಾಷೆಗಳನ್ನು ಸೇರಿದಾಗ, ತಕ್ಕಡಿ ವಾಲುವಂತೆ ಮನಸ್ಸು ವಾಲುವ ‘ಒಲವು’ ಎಂಬ ಅರ್ಥವೂ ಕೂಡಿಕೊಂಡಿತು. ಇಂಗ್ಲಿಷಿನಲ್ಲಿ ‘ಹುಟ್ಟುಪ್ರತಿಭೆ’ ಎಂಬ ಅರ್ಥ 15ನೆಯ ಶತಮಾನದಲ್ಲಿ ಇದೇ ಸಾಮತಿಯ ವ್ಯಾಖ್ಯಾನದಿಂದ ಹುಟ್ಟಿತು. ಸಾಮತಿಯಿಂದ ಹುಟ್ಟಿದ ಅರ್ಥವೇ ಈಗ ಸಾಮತಿಯನ್ನು ಮರೆಮಾಡುತ್ತಿದೆ.

ಮೂಲಪಾಠವೇ ಇದನ್ನು ತಿದ್ದುತ್ತದೆ. 15ನೆಯ ವಚನದ ಪ್ರಕಾರ ಯಜಮಾನನು ಪ್ರತಿಯೊಬ್ಬನ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಒಪ್ಪಿಸಿದನು. ಹಾಗಾದರೆ ಸಾಮರ್ಥ್ಯವೇ ಬೇರೆ, ತಲಾಂತೇ ಬೇರೆ. ತಲಾಂತು ನಮ್ಮದಲ್ಲ, ನಂಬಿ ಒಪ್ಪಿಸಿದ ಒಡೆಯನ ಸ್ವತ್ತು. ಮೂರನೆಯ ಆಳಿನ ತಪ್ಪು ಪ್ರತಿಭೆಯ ಕೊರತೆಯಲ್ಲ. ಒಡೆಯನನ್ನು ಕಠಿಣನೆಂದು ಭಾವಿಸಿ, ಭಯದಿಂದ ಅವನ ಸ್ವತ್ತನ್ನು ನೆಲದಲ್ಲಿ ಹೂತದ್ದು.

ಈ ಭೇದ ಇಲ್ಲಿ ಕೇವಲ ಪಾಂಡಿತ್ಯದ ಮಾತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೊಂಡ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ನೆಲ ಅಗೆದು ಚಿನ್ನ ತೆಗೆದವರ ಮಕ್ಕಳು ಈಗ ಬಂಗಾರಪೇಟೆಯ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿಬರುತ್ತಾರೆ. ಇವರೆದುರು ನಿಂತು “ನಿಮ್ಮ ಟ್ಯಾಲೆಂಟನ್ನು ಬಳಸದೆ ಹೂತಿದ್ದೀರಿ” ಎನ್ನುವುದು ಜನರಿಗೂ ಶುಭಸಂದೇಶಕ್ಕೂ ಮಾಡುವ ಅನ್ಯಾಯ. ಗಣಿಯನ್ನು ಮುಚ್ಚಿದವರು ಅವರಲ್ಲ.

ಆದುದರಿಂದ ಪ್ರಬೋಧನೆಯಲ್ಲಿ ‘ನಿನಗೆ ಯಾವ ಪ್ರತಿಭೆಯಿದೆ?’ ಎಂಬುದಕ್ಕಿಂತ ‘ನಿನಗೆ ಏನನ್ನು ಒಪ್ಪಿಸಲಾಗಿದೆ?’ ಎಂಬ ಪ್ರಶ್ನೆ ಮೊದಲು ಬರಲಿ. ಆ ಪ್ರಶ್ನೆಗೆ ನಿರುದ್ಯೋಗಿಯೂ ರೋಗಿಯೂ ತಲೆಯೆತ್ತಿ ಉತ್ತರಿಸಬಲ್ಲರು: ವಿಶ್ವಾಸ, ಮನೆಮಂದಿ, ನೆರೆಯವರು. ಯಾಜಕರಾದ ನಮಗೋ, ಈ ಜನರನ್ನೇ ಒಪ್ಪಿಸಲಾಗಿದೆ. ಲೆಕ್ಕ ಒಪ್ಪಿಸುವ ದಿನ ಮೊದಲು ಕೇಳಲ್ಪಡುವವರು ನಾವೇ.