ಖಾಲಿ ಚಾನೆಲ್‌ಗಳು ಯಾರ ಸ್ವತ್ತು?

ಮುಳವಾಡದಂಥ ಹಳ್ಳಿಗಳ ಮಾಳಿಗೆಗಳ ಮೇಲೆ ಒಂದು ಕಾಲಕ್ಕೆ ದೂರದರ್ಶನದ ಆಂಟೆನಾಗಳಿದ್ದವು. ಡಿಶ್ ಬಂತು, ಅವು ಗುಜರಿಗೆ ಹೋದವು. 2022ರ ಹೊತ್ತಿಗೆ ದೂರದರ್ಶನವೂ ತನ್ನ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುತೇಕ ಮುಚ್ಚಿತು.

ಆ ತರಂಗಗಳು ಖಾಲಿ ಬಿದ್ದದ್ದು ಮಾತ್ರ ಅದಕ್ಕೂ ಮೊದಲೇ. 470ರಿಂದ 590 ಮೆಗಾಹರ್ಟ್ಸ್ ನಡುವೆ ಟಿ.ವಿ.ಗೆಂದು 15 ಚಾನೆಲ್‌ಗಳ ಜಾಗವಿತ್ತು. ಐಐಟಿ ಬಾಂಬೆಯ ಸಂಶೋಧಕರು ದಶಕದ ಹಿಂದೆಯೇ ಲೆಕ್ಕ ಹಾಕಿ ನೋಡಿದರು: ದೇಶದ ಹೆಚ್ಚುಕಡಿಮೆ ಎಲ್ಲೆಡೆ ಕನಿಷ್ಠ 12 ಚಾನೆಲ್ ಖಾಲಿ! ಹಳ್ಳಿಗೆ ಇದಕ್ಕಿಂತ ಒಳ್ಳೆಯ ತರಂಗ ಸಿಗುವುದು ಕಷ್ಟ. ವೈಫೈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಟಿ.ವಿ. ಅಲೆಯದು 50-64. ಅಲೆ ಉದ್ದವಾದ್ದರಿಂದ ಗಿಡಮರ, ಗೋಡೆ ಅಡ್ಡ ಬಂದರೂ ಅದು ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಮುಟ್ಟುತ್ತದೆ.

ಇದನ್ನು ಬಳಸುವ ಉಪಕರಣ ನಮ್ಮ ಬೆಂಗಳೂರಿನಲ್ಲೇ ತಯಾರಾಯಿತು. ಪರಾಗ್ ನಾಯಕ್ ಮತ್ತು ಸಂಗಡಿಗರ ಸಾಂಖ್ಯ ಲ್ಯಾಬ್ಸ್ 'ಪೃಥ್ವಿ' ಎಂಬ ಚಿಪ್ ರೂಪಿಸಿತು. ಹಳೆಯ ರೇಡಿಯೊದಲ್ಲಿ ಸರ್ಕ್ಯೂಟ್ ಮಾಡುತ್ತಿದ್ದ ಕೆಲಸ ಇದರಲ್ಲಿ ಸಾಫ್ಟ್‌ವೇರಿನದು. ಪ್ರೋಗ್ರಾಂ ಬದಲಿಸಿದರೆ ರೇಡಿಯೊದ ಸ್ವಭಾವವೇ ಬದಲು. ಅದೇ ಕಂಪನಿಯ 'ಮೇಘದೂತ' ಖಾಲಿ ಚಾನೆಲ್‌ಗಳ ಮೇಲೆ ಇಂಟರ್‌ನೆಟ್ ಒಯ್ಯಲೆಂದೇ ಹುಟ್ಟಿದ್ದು. ಇಂಥ ಉಪಕರಣ ತಾನಿರುವ ಜಾಗ ತಿಳಿಸಿ, ಅಲ್ಲಿ ಯಾವ ಚಾನೆಲ್ ಬಿಡುವಾಗಿದೆ ಎಂದು ದತ್ತಕೋಶವನ್ನು ಕೇಳುತ್ತದೆ. ಟಿ.ವಿ. ಪ್ರಸಾರವಿದ್ದರೆ ಅತ್ತ ಸುಳಿಯುವುದಿಲ್ಲ.

ಯಂತ್ರ ಸಿದ್ಧವಿತ್ತು, ಕಾನೂನು ಸಿದ್ಧವಿರಲಿಲ್ಲ. ನಮ್ಮಲ್ಲಿ ನಡೆಯುತ್ತಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ 2ಜಿ ಹಗರಣದಲ್ಲಿ ಅದೇ ಕೋರ್ಟ್ 2012ರಲ್ಲಿ 122 ಲೈಸೆನ್ಸ್ ರದ್ದು ಮಾಡಿದ ಮೇಲೆ, ಹರಾಜಿಲ್ಲದೆ ತರಂಗ ಕೊಡುವುದೆಂದರೆ ಅಧಿಕಾರಿಗಳಿಗೆ ಅಳುಕು. ಖಾಲಿ ಚಾನೆಲ್‌ಗಳಿಗೆ ಪ್ರಯೋಗದ ಪರವಾನಗಿ ಸಿಕ್ಕಿತೇ ಹೊರತು ಊರೂರಿಗೆ ಬಳಸುವ ಅನುಮತಿ ಸಿಗಲಿಲ್ಲ.

ಹರಾಜು ಹಳ್ಳಿಯ ಕೆಲಸ ಮಾಡೀತು ಎಂಬ ನಂಬಿಕೆ ನನಗಿಲ್ಲ. 2022ರಲ್ಲಿ 5ಜಿ ಹರಾಜು ಒಂದೂವರೆ ಲಕ್ಷ ಕೋಟಿ ರೂಪಾಯಿ ತಂದಿತು, ಆದರೆ ಟಿ.ವಿ. ಚಾನೆಲ್‌ಗಳ ಪಕ್ಕದ 600 ಮೆಗಾಹರ್ಟ್ಸ್ ಪಟ್ಟಿಗೆ ಒಬ್ಬರೂ ಬಿಡ್ ಕೂಗಲಿಲ್ಲ.

2023ರ ದೂರಸಂಪರ್ಕ ಕಾಯ್ದೆ ಟೆಲಿಗ್ರಾಫ್, ವೈರ್‌ಲೆಸ್ ಎಂಬ ಆ ಎರಡೂ ಹಳೆಯ ಕಾಯ್ದೆಗಳ ಜಾಗ ತುಂಬಲೆಂದು ರೂಪುಗೊಂಡದ್ದು. ಬಳಸದ ತರಂಗವನ್ನು ಹಿಂಪಡೆಯಲು, ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರೂ ಬಳಸುವಂತೆ ಹಂಚಲು ಅದರಲ್ಲಿ ಅವಕಾಶವಿದೆ. ಆ ಅವಕಾಶ ಮೊದಲು ಹಳ್ಳಿಗಳಿಗೆ ದಕ್ಕಲಿ. ಗ್ರಾಮ ಪಂಚಾಯಿತಿಗಳೂ ಅದನ್ನು ಕೇಳಿ ಪಡೆಯಲಿ.